ಟೈರಿನ ಲೆಕ್ಕ ಒಂದು, ಡಿಸ್ಕಿನ ಲೆಕ್ಕ ಇನ್ನೊಂದು

ಕಾರಿಗೆ ಬೇರೆ ಸೈಜಿನ ಟೈರು, ಡಿಸ್ಕು ಹಾಕ್ಸೋ ಮುಂಚೆ ಏನೇನು ಲೆಕ್ಕ ನೋಡ್ಬೇಕು ಅನ್ನೋದು ವಿಷಯ. 2018ರಲ್ಲಿ ಬಂದ ಮಾರುತಿ ಸುಜುಕಿ ಸ್ವಿಫ್ಟ್ ತಗೊಳ್ಳಿ. ಕೆಳಗಿನ ವೇರಿಯಂಟ್‌ಗೆ ಕಂಪನಿ ಕೊಟ್ಟಿದ್ದು 165/80 ಆರ್14, ಮೇಲಿನ ಝಡ್‌ಎಕ್ಸ್‌ಐಗೆ 185/65 ಆರ್15. ಪಕ್ಕಪಕ್ಕ ನಿಲ್ಸಿದ್ರೆ ಯಾರಾದ್ರೂ ಹೇಳ್ತಾರೆ, ಇದು ದೊಡ್ಡ ಚಕ್ರ, ಅದು ಚಿಕ್ಕದು ಅಂತ. ಈಗ ಲೆಕ್ಕ ಹಾಕಿ. 165 ಅನ್ನೋದು ಟೈರಿನ ಅಗಲ, ಎಂಎಂನಲ್ಲಿ. 80 ಅನ್ನೋದು ಆ ಅಗಲದ ಶೇಕಡಾ ಎಷ್ಟು ಭಾಗ ಟೈರಿನ ಗೋಡೆ ಎತ್ತರ ಇದೆ ಅಂತ, ಅಂದ್ರೆ 132 ಎಂಎಂ. ಮೇಲೊಂದು ಗೋಡೆ ಕೆಳಗೊಂದು ಗೋಡೆ, 264. ಮಧ್ಯದಲ್ಲಿ 14 ಇಂಚಿನ ಡಿಸ್ಕು (ಟೈರ್ ಕೂರೋ ಲೋಹದ ರಿಮ್ಮು, ಬ್ರೇಕಿನ ಡಿಸ್ಕ್ ಅಲ್ಲ), ಅದು 355.6. ಒಟ್ಟು 619.6 ಎಂಎಂ. ಇನ್ನೊಂದರದ್ದು ಗೋಡೆ 120.25, ಎರಡು ಕಡೆ ಸೇರಿ 240.5, ಡಿಸ್ಕು 381, ಒಟ್ಟು 621.5. ವ್ಯತ್ಯಾಸ 2 ಎಂಎಂ ಕೂಡ ಇಲ್ಲ!

ಹೊಸ ಟೈರಲ್ಲಿ ಗ್ರಿಪ್ಪಿನ ಆಳ ಸುಮಾರು 8 ಎಂಎಂ ಇರತ್ತೆ, ಕಾನೂನಿನ ಪ್ರಕಾರ 1.6ಕ್ಕೆ ಬಂದಾಗ ಬದಲಾಯಿಸ್ಲೇಬೇಕು, ಅಷ್ಟರಲ್ಲಿ ಒಂದೇ ಟೈರಿನ ಒಟ್ಟು ಎತ್ತರ 12 ಎಂಎಂಗಿಂತ ಜಾಸ್ತಿ ಕರಗಿರತ್ತೆ. ಅಂದ್ರೆ ಸ್ವಿಫ್ಟಿನ ಎರಡು ಸೈಜಿನ ನಡುವೆ ಇರೋ ವ್ಯತ್ಯಾಸಕ್ಕಿಂತ ಅದೇ ಸೈಜಿನ ಹೊಸ ಟೈರಿಗೂ ಸವೆದ ಟೈರಿಗೂ ಇರೋ ವ್ಯತ್ಯಾಸನೇ ಎಷ್ಟೋ ಪಾಲು ಜಾಸ್ತಿ. ಟಾಟಾ ಪಂಚ್‌ದು ಇನ್ನೂ ಮಜಾ, ಕೆಳಗಿನದಕ್ಕೆ 185/70 ಆರ್15, ಮೇಲಿನದಕ್ಕೆ 195/60 ಆರ್16, ಲೆಕ್ಕ ಹಾಕಿದ್ರೆ 640 ಮತ್ತು 640.4. ಇಂಜಿನಿಯರುಗಳು ಕೂತು ಗೋಡೆ ಇಳಿಸಿ ಡಿಸ್ಕು ಏರಿಸಿ ಹೊರಗಿನ ಸುತ್ತಳತೆ ಅಲ್ಲಾಡದ ಹಾಗೆ ನೋಡ್ಕೊಂಡಿದಾರೆ. ಎಲ್ಲಾ ಗಾಡಿಲೂ ಹೀಗೇ ಅಂತ ಅಂದ್ಕೋಬೇಡಿ ಮತ್ತೆ. 2020ರ ಕ್ರೆಟಾದಲ್ಲಿ 205/65 ಆರ್16 ಇತ್ತು, 215/60 ಆರ್17 ಇತ್ತು, ಅವೆರಡರ ನಡುವೆ ಸುಮಾರು 17 ಎಂಎಂ, ಅಂದ್ರೆ ಎರಡೂವರೆ ಪರ್ಸೆಂಟ್ ವ್ಯತ್ಯಾಸ ಇದೆ.

ಟೈರ್ ಸೈಜ್ ಹೋಲಿಸೋ ಕ್ಯಾಲ್ಕುಲೇಟರುಗಳು ಮಾಡೋದು ಇಷ್ಟೇ ಲೆಕ್ಕ. ಎರಡು ಸೈಜ್ ಹಾಕಿ, ಪರ್ಸೆಂಟ್ ಬರತ್ತೆ, 3 ಪರ್ಸೆಂಟ್ ಒಳಗಿದ್ರೆ ಹಸಿರು ಬಣ್ಣದಲ್ಲಿ ಟಿಕ್ ಮಾರ್ಕ್. ಆ 3 ಪರ್ಸೆಂಟು ಒಳ್ಳೇ ಅಂದಾಜೇ, ನಾನು ಬೇಡ ಅನ್ನಲ್ಲ. ನನ್ನ ತಕರಾರು ಏನಂದ್ರೆ ಜನ ಅಲ್ಲಿಗೇ ನಿಲ್ಲಿಸಿಬಿಡ್ತಾರೆ. ಹಸಿರು ಟಿಕ್ ಬಂತು, ಅಂಗಡಿಯವ್ನಿಗೆ ಫೋನ್ ಮಾಡು, ಅಡ್ವಾನ್ಸ್ ಕಳ್ಸು. ಆದ್ರೆ ಆ ಟಿಕ್ಕು ಹೇಳಿದ್ದು ಟೈರಿನ ಎತ್ತರದ ಬಗ್ಗೆ ಮಾತ್ರ. ಡಿಸ್ಕಿನ ಬಗ್ಗೆ ಒಂದಕ್ಷರ ಹೇಳಿಲ್ಲ, ಭಾರದ ಬಗ್ಗೆ ಹೇಳಿಲ್ಲ, ನಿಮ್ಮೂರಿನ ರಸ್ತೆ ಬಗ್ಗೆ ಅಂತೂ ಕೇಳ್ಲೇ ಬೇಡಿ.

ಎತ್ತರ ತಪ್ಪಿದ್ರೆ ಏನಾಗತ್ತೆ ಅನ್ನೋದಕ್ಕೆ ಮಲೆನಾಡಿನ ಬೊಲೆರೋಗಳೇ ಸಾಕು. ಸಕಲೇಶಪುರ, ಮೂಡಿಗೆರೆ ಕಡೆ ತೋಟದವ್ರು ಕಂಪನಿಯ 215/75 ಆರ್15 ತೆಗೆದು 235/75 ಆರ್15 ಬಟನ್ ಟೈರ್ (ಮೈಮೇಲೆ ದಪ್ಪ ದಪ್ಪ ಗುಬುಟು ಇರೋದು) ಹಾಕ್ಸೋದು ಮಾಮೂಲು. 703.5 ಇದ್ದಿದ್ದು 733.5 ಆಯ್ತು, 4 ಪರ್ಸೆಂಟ್ ಮೇಲೆ. ಗಾಡಿ ಎತ್ತರ ಎಷ್ಟು ಜಾಸ್ತಿ ಆಯ್ತು ಅಂತ ಕೇಳಿದ್ರೆ ಎಲ್ರೂ 30 ಎಂಎಂ ಅಂತಾರೆ, ಅಲ್ಲ, ಆಕ್ಸಲ್ ಇರೋದು ಮಧ್ಯದಲ್ಲಿ, ಏರೋದು ಅರ್ಧ, 15 ಎಂಎಂ ಅಷ್ಟೇ. ಆದ್ರೆ ಮೀಟರಲ್ಲಿ 80 ತೋರಿಸ್ವಾಗ ಚಕ್ರ ಸುಮಾರು ಮೂರೂವರೆ ಕಿ.ಮೀ. ಜಾಸ್ತಿನೇ ಓಡ್ತಿರತ್ತೆ. ಹಾಗಂತ ಗಾಬರಿ ಬೀಳೋ ವಿಷಯ ಏನಲ್ಲ, ಸ್ಪೀಡೋಮೀಟರ್ ಸಾಮಾನ್ಯವಾಗಿ ನಿಜಕ್ಕಿಂತ ಸ್ವಲ್ಪ ಜಾಸ್ತಿನೇ ತೋರಿಸೋ ಹಾಗೆ ಮಾಡಿರ್ತಾರೆ, ಆ ಉಳಿಕೆನ ನೀವು ದೊಡ್ಡ ಟೈರಲ್ಲಿ ತಿಂದು ಹಾಕಿದ್ರಿ ಅಷ್ಟೇ. ಬೆಂಗಳೂರು–ಮೈಸೂರು ಹೈವೇಲಿ ಮೀಟರ್ ನೋಡ್ಕೊಂಡು ನೂರಕ್ಕೆ ಸರಿಯಾಗಿ ಹೋಗ್ತೀನಿ ಅನ್ನೋರು ಮಾತ್ರ ಕ್ಯಾಮೆರಾ ಕೆಳಗೆ ಸ್ವಲ್ಪ ಜ್ಞಾಪಕ ಇಟ್ಕೊಳ್ಳಿ.

ಇನ್ನೊಂದು ವಿಷಯ ಯಾರೂ ಗಮನಿಸಲ್ಲ. ದೊಡ್ಡ ಟೈರ್ ಹಾಕಿಸಿದ ಮೇಲೆ ಮೈಲೇಜ್ ಬಿತ್ತು ಅಂತ ಗೊಣಗ್ತಾರಲ್ಲ, ಅದ್ರಲ್ಲಿ ಒಂದಿಷ್ಟು ನಿಜ, ಭಾರದ ಟೈರು, ಬಟನ್ನು, ಇಂಜಿನ್ನಿಗೆ ಕೆಲಸ ಜಾಸ್ತಿ. ಆದ್ರೆ ಇನ್ನೊಂದಿಷ್ಟು ಬರೀ ಮೀಟರಿನ ಸುಳ್ಳು. ಗಾಡಿ ನಿಜವಾಗ್ಲೂ 104 ಕಿ.ಮೀ. ಓಡಿದ್ರೆ ಓಡೋಮೀಟರ್ ನೂರು ಅಂತ ಬರ್ಕೊಳತ್ತೆ. ಅದೇ ಡೀಸೆಲ್ಲು, ಕಮ್ಮಿ ಕಿಲೋಮೀಟರು, ಭಾಗಿಸಿದ್ರೆ ಮೈಲೇಜ್ ಕಮ್ಮಿನೇ ಬರತ್ತೆ ಇನ್ನೇನು. ಶಿರಾಡಿ ಹತ್ತುವಾಗ ಮೂರನೇ ಗೇರಲ್ಲಿ ಎಳೀತಿದ್ದ ಗಾಡಿ ಎರಡಕ್ಕೆ ಇಳಿಸು ಅಂತ ಕೇಳತ್ತಲ್ಲ, ಅದು ಮಾತ್ರ ಸುಳ್ಳಲ್ಲ, ಚಕ್ರ ದೊಡ್ಡದಾದ್ರೆ ಎಲ್ಲಾ ಗೇರೂ ಒಂಚೂರು ಉದ್ದ ಆದ ಹಾಗೇ.

ಇಷ್ಟೆಲ್ಲಾ ನಾನು ಕೂತು ಲೆಕ್ಕ ಹಾಕೋಕೆ ಶುರು ಮಾಡಿದ್ದು ನನ್ನ ಭಾವಮೈದನ ದೆಸೆಯಿಂದ. ಹಾಸನದಲ್ಲಿರೋದು, ಸ್ವಿಫ್ಟ್ ಇದೆ, ಕೆಳಗಿನ ವೇರಿಯಂಟು, 14 ಇಂಚಿನ ಕರಿ ಡಿಸ್ಕು, ಪ್ಲಾಸ್ಟಿಕ್ ವೀಲ್ ಕ್ಯಾಪು. "ಭಾವ, 17 ಹಾಕ್ಸಿದ್ರೆ ಹೆಂಗಿರತ್ತೆ? ನೀವು ಜೆ.ಸಿ. ರೋಡಲ್ಲಿ ಒಂಚೂರು ವಿಚಾರ್ಸಿ" ಅಂದ. ಬೆಂಗಳೂರಲ್ಲಿ ಗಾಡಿ ಸಾಮಾನು ಸಿಗೋ ಆ ರಸ್ತೆಗೆ ಹೋಗಿ ವಿಚಾರಿಸಿದೆ. ಅಂಗಡಿಯವ್ರು ಗಾಡಿ ಯಾವ್ದು ಅಂತ ಕೇಳಿದ್ರು, ಹೇಳಿದೆ, "17 ಆರಾಮಾಗಿ ಕೂರತ್ತೆ ಸಾರ್, 205/45 ಹಾಕಿ, ಎಷ್ಟೋ ಗಾಡಿಗೆ ಹಾಕಿದೀವಿ" ಅಂದ್ರು. ಇಟಿ (ಡಿಸ್ಕಿನ ಒಂದು ಅಳತೆ, ಮುಂದೆ ಹೇಳ್ತೀನಿ) ಎಷ್ಟು ಅಂದೆ. "ಅದೆಲ್ಲ ಯಾಕ್ ಸಾರ್, ಕೂರ್ಲಿಲ್ಲ ಅಂದ್ರೆ ಸ್ಪೇಸರ್ ಕೊಡ್ತೀವಿ." ಸ್ಪೇಸರ್ ಅಂದ್ರೆ ಗಾಡಿಗೂ ಡಿಸ್ಕಿಗೂ ಮಧ್ಯೆ ಇಡೋ ಬಿಲ್ಲೆ. ನಾನು ಸುಮ್ನೆ ವಾಪಸ್ ಬಂದೆ.

ಅವರು ಹೇಳಿದ ಸೈಜು ಕ್ಯಾಲ್ಕುಲೇಟರಿನ ಪ್ರಕಾರ ತಪ್ಪೇನಿಲ್ಲ. 205/45 ಆರ್17 ಅಂದ್ರೆ ಒಟ್ಟು 616.3, ಮೂಲ ಟೈರಿಗಿಂತ ಅರ್ಧ ಪರ್ಸೆಂಟ್ ಕಮ್ಮಿ. ಹಸಿರು ಟಿಕ್ಕು ಗ್ಯಾರಂಟಿ. ಈಗ ಟೈರಿನ ಮೇಲೆ ಸೈಜ್ ಆದ್ಮೇಲೆ ಇನ್ನೊಂದು ನಂಬರ್ ಇರತ್ತೆ ನೋಡಿ, ಅದು ಲೋಡ್ ಇಂಡೆಕ್ಸು. ಆ ಬಡಪಾಯಿ 165/80 ಆರ್14ರ ಮೇಲೆ ಬರೆದಿರೋದು 85, ಅಂದ್ರೆ ಒಂದು ಟೈರು 515 ಕೆ.ಜಿ. ಹೊರತ್ತೆ. 185/65 ಆರ್15ದು 88, 560 ಕೆ.ಜಿ. ಆ 17 ಇಂಚಿಂದು ಸಾದಾ ಟೈರ್ ಆದ್ರೆ 84, ಬರೀ 500 ಕೆ.ಜಿ. ನೋಡೋಕೆ ಭರ್ಜರಿ, ಅಗಲ 40 ಎಂಎಂ ಜಾಸ್ತಿ, ಹೊರೋದು ಮಾತ್ರ 15 ಕೆ.ಜಿ. ಕಮ್ಮಿ! ಯಾಕೆ ಅಂದ್ರೆ ಭಾರ ಹೊರೋದು ರಬ್ಬರ್ ಅಲ್ಲ, ಒಳಗಿರೋ ಗಾಳಿ, ಗೋಡೆ 132ರಿಂದ 92ಕ್ಕೆ ಇಳಿಸಿದ್ರೆ ಗಾಳಿಗೆ ಜಾಗ ಎಲ್ಲಿ ಉಳೀತು. ಅದೇ ಸೈಜಲ್ಲಿ ಎಕ್ಸ್‌ಎಲ್ ಅಂತ ಬರೆದಿರೋದು ಸಿಗತ್ತೆ, ಅದು 88, ಆದ್ರೆ ಆ ಭಾರ ಹೊರ್ಬೇಕು ಅಂದ್ರೆ ಗಾಳಿನೂ ಜಾಸ್ತಿ ಹೊಡೀಬೇಕು, ಗಾಳಿ ಜಾಸ್ತಿ ಹೊಡೆದ್ರೆ ಕೂತವ್ರ ಸೊಂಟಕ್ಕೆ ಗೊತ್ತಾಗತ್ತೆ.

ನಮ್ಮಪ್ಪನ ಕಾಲದಲ್ಲಿ ಇದನ್ನ ಯಾರಿಗೂ ಹೇಳಿಕೊಡ್ಬೇಕಾಗಿರ್ಲಿಲ್ಲ. ಮೈಸೂರಿನ ವಿಕ್ರಾಂತ್ ಟೈರ್ ಇನ್ನೂ ವಿಕ್ರಾಂತ್ ಆಗೇ ಇದ್ದ ದಿನಗಳು (1997ರಲ್ಲಿ ಜೆಕೆ ಟೈರಿನವ್ರು ತಗೊಂಡ್ರು), ಅಂಗಡಿಗೆ ಹೋದ್ರೆ ಮೊದಲು ಕೇಳ್ತಿದ್ದಿದ್ದೇ "ಎಷ್ಟು ಪ್ಲೈ?" ಅಂತ, ಅಂದ್ರೆ ಟೈರಿನೊಳಗೆ ಎಷ್ಟು ಪದರ ಅಂತ. ಭಾರ ಮೊದಲು, ಚಂದ ಆಮೇಲೆ. ಈಗ ಕಾರಿನ ಟೈರಲ್ಲಿ ಆ ಕೆಲಸ ಮಾಡೋದು ಈ ಎರಡಂಕಿ ನಂಬರ್, ಪಕ್ಕದಲ್ಲಿ ಟಿ, ಎಚ್, ವಿ ಅಂತ ಒಂದು ಸ್ಪೀಡಿನ ಅಕ್ಷರ (ಟಿ ಅಂದ್ರೆ 190, ಎಚ್ ಅಂದ್ರೆ 210, ವಿ ಅಂದ್ರೆ 240 ಕಿ.ಮೀ.). ಸ್ಪೀಡಿನ ಅಕ್ಷರ ನಮ್ಮ ರಸ್ತೇಲಿ ಅಷ್ಟಾಗಿ ತೊಂದರೆ ಕೊಡಲ್ಲ. ಲೋಡಿಂದು ಮಾತ್ರ ಮೂಲಕ್ಕಿಂತ ಒಂದಂಕಿನೂ ಇಳಿಸ್ಬಾರ್ದು. ಧರ್ಮಸ್ಥಳಕ್ಕೆ ಐದು ಜನ, ಡಿಕ್ಕಿ ತುಂಬ ಲಗೇಜು, ಬರ್ತಾ ಎರಡು ಮೂಟೆ ತೆಂಗಿನಕಾಯಿ, ಚಾರ್ಮಾಡಿ ತಿರುವು. ಲೋಡ್ ಇಂಡೆಕ್ಸ್ ಬೇಕಾಗೋದು ಅಲ್ಲಿ.

ಗೋಡೆ ವಿಷಯ ಬಂತಲ್ಲ, ನನ್ನ ಮಟ್ಟಿಗೆ ನಮ್ಮ ಕಡೆ ರಸ್ತೆಗೆ ಡಿಸ್ಕಿನ ಇಂಚಿಗಿಂತ ನೋಡ್ಬೇಕಾಗಿದ್ದು ಇದು. ಗುಂಡಿಗೆ ಬಿದ್ದಾಗ ಟೈರಿನ ಗೋಡೆ ಮಡಚ್ಕೊಂಡು ಹೊಡೆತ ನುಂಗತ್ತೆ. 132 ಇದ್ರೆ ನುಂಗೋಕೆ ಜಾಗ ಇದೆ, 120ರಲ್ಲೂ ಪರವಾಗಿಲ್ಲ, 107ರಲ್ಲಿ (ಅದು 195/55 ಆರ್16) ನೋಡ್ಕೊಂಡು ಓಡಿಸ್ಬೇಕು, 92 ಅಂದ್ರೆ ಗುಂಡಿಯ ಅಂಚು ಟೈರನ್ನ ಡಿಸ್ಕಿಗೆ ಅಪ್ಪಳಿಸತ್ತೆ, ಗೋಡೆ ಒಳಗಿನ ದಾರ ಕಿತ್ತೋಗತ್ತೆ, ಎರಡು ದಿನ ಬಿಟ್ಟು ನೋಡಿದ್ರೆ ಪಕ್ಕದಲ್ಲಿ ಗುಳ್ಳೆ. ಗುಳ್ಳೆ ಬಂದ ಟೈರಿಗೆ ರಿಪೇರಿ ಇಲ್ಲ, ಪಂಕ್ಚರ್ ಅಂಗಡಿಯವ್ನು ಪ್ಯಾಚ್ ಹಾಕ್ತೀನಿ ಅಂದ್ರೂ ಬೇಡ ಅನ್ನಿ. ಮಳೆಗಾಲದ ಬೆಂಗಳೂರಲ್ಲಿ ನೀರು ತುಂಬಿದ ಗುಂಡಿ ಎಷ್ಟು ಆಳ ಅಂತ ಬಿದ್ದ ಮೇಲೇ ಗೊತ್ತಾಗೋದು, ಅಲಾಯ್ ಆದ್ರೆ ಬಿರುಕು ಬಿಡತ್ತೆ, ಕಬ್ಬಿಣದ ಡಿಸ್ಕ್ ಆದ್ರೆ ಸೊಟ್ಟ ಆಗತ್ತೆ, ಸೊಟ್ಟ ಆಗಿದ್ದನ್ನ ಬಡಿದು ಸರಿ ಮಾಡೋರು ಪ್ರತಿ ಊರಲ್ಲೂ ಇದಾರೆ.

ಸರಿ, ಈಗ ಡಿಸ್ಕಿಗೆ ಬರೋಣ, ಟೈರಿನ ಮೇಲೆ ಎಲ್ಲೂ ಬರೆದಿರದ ನಂಬರುಗಳಿಗೆ. ಮೊದಲನೇದು ಪಿಸಿಡಿ, ನಟ್ಟಿನ ತೂತುಗಳ ಮೇಲೆ ಹಾದು ಹೋಗೋ ವೃತ್ತದ ವ್ಯಾಸ. ಸ್ವಿಫ್ಟು, ಐ20, ಹೋಂಡಾ ಸಿಟಿ ಎಲ್ಲಾ 4×100, ಅಂದ್ರೆ ನಾಲ್ಕು ತೂತು, ವ್ಯಾಸ 100 ಎಂಎಂ. ಪೋಲೋ 5×100, ಕ್ರೆಟಾ 5×114.3. ನಾಲ್ಕು ತೂತಿದ್ರೆ ಎದುರುಬದುರು ತೂತಿನ ಮಧ್ಯದಿಂದ ಮಧ್ಯಕ್ಕೆ ಸ್ಕೇಲ್ ಇಟ್ರೆ ಆಯ್ತು. ಐದಿದ್ರೆ ಎದುರಿಗೆ ತೂತು ಇರಲ್ಲ, ಪಕ್ಕಪಕ್ಕದ ಎರಡು ತೂತಿನ ದೂರ ಅಳೆದು 1.7ರಿಂದ ಗುಣಿಸಿ, ಸುಮಾರಾಗಿ ಸಿಗತ್ತೆ. ಇಲ್ಲಿ ಎಡವಟ್ಟಾಗೋದು ದೊಡ್ಡ ವ್ಯತ್ಯಾಸದಲ್ಲಲ್ಲ, ಚಿಕ್ಕದರಲ್ಲಿ. ಹಳೇ ಫಿಯೆಟ್ ಪಾಲಿಯೋದು 4×98. ಅದಕ್ಕೆ 4×100 ಡಿಸ್ಕು ಹಿಡಿದ್ರೆ ಬೋಲ್ಟ್ ತೂರತ್ತೆ, ಒತ್ತಿ ತಿರುಗಿಸಿದ್ರೆ ಟೈಟೂ ಆಗತ್ತೆ, ಆದ್ರೆ ಪ್ರತಿ ಬೋಲ್ಟೂ ಒಂದೊಂದು ಎಂಎಂ ಓರೆಯಾಗಿ ಕೂತಿರತ್ತೆ. ಇಂಥದ್ದು ಅಂಗಡಿ ಮುಂದೆ ಗೊತ್ತಾಗಲ್ಲ. ಹೈವೇಲಿ ಗೊತ್ತಾಗತ್ತೆ.

ಆಮೇಲೆ ಮಧ್ಯದ ದೊಡ್ಡ ತೂತು. ಸ್ವಿಫ್ಟಿಂದು 54.1 ಎಂಎಂ, ಸಿಟಿದು 56.1. ಯಾರೋ ಸಿಟಿಯವ್ರು ತೆಗೆದ ಕಂಪನಿ ಅಲಾಯ್ ಕಮ್ಮಿ ರೇಟಿಗೆ ಸಿಗ್ತಿದೆ, ಪಿಸಿಡಿ ಒಂದೇ, ಹಾಕ್ಬಿಡೋಣ ಅಂತ ಭಾವಮೈದ ಮಧ್ಯೆ ಒಂದ್ಸಲ ಫೋಟೋ ಕಳ್ಸಿದ್ದ. ಕೂರತ್ತೆ, ಖಂಡಿತ ಕೂರತ್ತೆ. ಆದ್ರೆ ಹಬ್ಬಿನ (ಡಿಸ್ಕು ಕೂರೋ ಗಾಡಿ ಕಡೆಯ ಭಾಗ) ಮೇಲೆ 2 ಎಂಎಂ ಸಡಿಲ, ಚಕ್ರ ನಡುಮಧ್ಯಕ್ಕೆ ಕೂತಿದೆಯಾ ಅಂತ ಹೇಳೋಕೆ ಹಬ್ಬಿಗೆ ಆಗಲ್ಲ, ಬರೀ ನಟ್ಟೇ ಹೇಳ್ಬೇಕು. ಆ ನಟ್ಟೋ, ಹೋಂಡಾ ಕಂಪನಿ ಡಿಸ್ಕಲ್ಲಿ ನಟ್ ಕೂರೋ ಜಾಗ ಗುಂಡಗೆ ಬಟ್ಟಲ ಥರ ಇರತ್ತೆ, ಮಾರುತಿ ನಟ್ಟು ಕೋನ್ ಥರ ಚೂಪು. ಬಟ್ಟಲೊಳಗೆ ಕೋನು ಕೂತ್ರೆ ತಾಗೋದು ಒಂದು ಗೆರೆಯಷ್ಟು ಜಾಗದಲ್ಲಿ. ಸರಿ ಹೋಂಡಾ ನಟ್ಟೇ ತರೋಣ ಅಂದ್ರೆ ಅದರ ಮರೆ (ನಟ್ಟಿನೊಳಗಿನ ಥ್ರೆಡ್ಡು) 12×1.5, ಸುಜುಕಿದು 12×1.25, ಮರೆ ಕಿತ್ತೋಗತ್ತೆ. ಹೀಗೆ ಒಂದೇ ಪಿಸಿಡಿ ಇರೋ ಎರಡು ಗಾಡಿ ನಡುವೆ ಮೂರು ಜಗಳ. ಹೊರಗಿನ ಕಂಪನಿ ಅಲಾಯ್‌ಗಳಲ್ಲಿ ಎಲ್ಲಾ ಗಾಡಿಗೂ ಆಗ್ಲಿ ಅಂತ ಮಧ್ಯದ ತೂತು ದೊಡ್ಡದು ಬಿಟ್ಟಿರ್ತಾರೆ, ಎಷ್ಟೋ ಡಿಸ್ಕಲ್ಲಿ 73.1, ಅದಕ್ಕೆ ಹಬ್ ರಿಂಗ್ ಅಂತ ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಬಳೆ ಸಿಗತ್ತೆ, ಕೇಳಿ ಹಾಕಿಸ್ಕೊಳ್ಳಿ. ಬ್ಯಾಲೆನ್ಸಿಂಗ್ ಎಷ್ಟು ಸಲ ಮಾಡಿಸಿದ್ರೂ 90ಕ್ಕೆ ಸ್ಟೇರಿಂಗ್ ನಡುಗತ್ತೆ ಅನ್ನೋರ ಗಾಡೀಲಿ ಎಷ್ಟೋ ಸಲ ಇಲ್ಲದೇ ಇರೋದು ಆ ಬಳೆನೇ.

ಇನ್ನು ಇಟಿ, ಆಫ್‌ಸೆಟ್ಟು. ಇದನ್ನ ಬಿಟ್ಟು ಮಿಕ್ಕಿದ್ದೆಲ್ಲಾ ಕೇಳೋರು ಜಾಸ್ತಿ. ಡಿಸ್ಕಿನ ಅಗಲದ ನಡುಗೆರೆಗೂ ಅದು ಹಬ್ಬಿಗೆ ಒತ್ತಿಕೊಳ್ಳೋ ಮುಖಕ್ಕೂ ಇರೋ ದೂರ. ಇಟಿ ನಂಬರ್ ಕಮ್ಮಿ ಆದಷ್ಟೂ ಚಕ್ರ ಗಾಡಿಯಿಂದ ಆಚೆಗೆ ಬರತ್ತೆ. ಕಂಪನಿ ಡಿಸ್ಕು 6 ಜೆ ಇಟಿ 45 ಅಂತ ಇಟ್ಕೊಳ್ಳಿ (ಜೆ ಮುಂದಿರೋದು ಡಿಸ್ಕಿನ ಅಗಲ, ಇಂಚಲ್ಲಿ), ನೀವು ತರ್ತಿರೋದು 7 ಜೆ ಇಟಿ 35. ಅಗಲ ಒಂದಿಂಚು ಜಾಸ್ತಿ, ಅದ್ರಲ್ಲಿ ಅರ್ಧ ಆಚೆಗೆ ಅರ್ಧ ಒಳಗೆ, ಅಂದ್ರೆ 12.7 12.7. ಇಟಿ 10 ಕಮ್ಮಿ ಆಗಿದ್ದಕ್ಕೆ ಇಡೀ ಚಕ್ರ 10 ಆಚೆಗೆ. ಕೂಡಿದ್ರೆ ಹೊರಗಿನ ಅಂಚು 22.7 ಎಂಎಂ ಆಚೆ ಬಂತು, ಒಳಗಿನದು 2.7 ಒಳಗೆ ಹೋಯ್ತು. ಹತ್ತತ್ರ ಒಂದಿಂಚು ಚಕ್ರ ಮಡ್‌ಗಾರ್ಡಿನ ಕಡೆ ಜರುಗಿದ್ರೂ ಯಾವ ಟೈರ್ ಕ್ಯಾಲ್ಕುಲೇಟರಿಗೂ ಇದು ಕಾಣಲ್ಲ, ಟೈರ್ ಎತ್ತರ ಅಷ್ಟೇ ಇದೆಯಲ್ಲ! ಹಿಂದಿನ ಸೀಟಲ್ಲಿ ಮೂರು ಜನ ಕೂತು ಹಂಪ್ ಹಾರಿದಾಗ ಕರ್ ಅಂತ ಶಬ್ದ ಬಂದ್ರೆ ಆಗ ಕಾಣತ್ತೆ. ಅದಷ್ಟೇ ಆದ್ರೆ ಪರವಾಗಿಲ್ಲ, ಚಕ್ರ ಆಚೆ ಹೋದಷ್ಟೂ ವೀಲ್ ಬೇರಿಂಗ್ ಮೇಲೆ ಎಳೆತ ಜಾಸ್ತಿ, ಒಂದು ಚಕ್ರ ಮಣ್ಣಿನ ಮೇಲೆ ಒಂದು ಟಾರಿನ ಮೇಲೆ ಇದ್ದಾಗ ಬ್ರೇಕ್ ಒತ್ತಿದ್ರೆ ಸ್ಟೇರಿಂಗ್ ಕೈಯಿಂದ ಕಿತ್ಕೊಂಡು ಹೋದ ಹಾಗೆ ಎಳೀಬಹುದು. ನಮ್ಮ ಜೆ.ಸಿ. ರೋಡಿನವ್ರು ಹೇಳಿದ ಸ್ಪೇಸರ್ ಮಾಡೋದೂ ಇದೇ ಕೆಲಸ, ಚಕ್ರನ ಇನ್ನೂ ಆಚೆ ತಳ್ಳೋದು.

ಇದಕ್ಕೆಲ್ಲಾ ನಾನು ಕಂಡ್ಕೊಂಡ ಸುಲಭ ದಾರಿ ಒಂದೇ. ಡ್ರೈವರ್ ಬಾಗಿಲು ತೆಗೆದ್ರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರತ್ತೆ, ಟೈರ್ ಸೈಜು ಮತ್ತು ಗಾಳಿ ಎಷ್ಟು ಅಂತ. ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲೂ ಎಲ್ಲಾ ವೇರಿಯಂಟಿಂದೂ ಇರತ್ತೆ. ನಿಮ್ಮದೇ ಮಾಡೆಲ್, ನಿಮ್ಮದೇ ವರ್ಷದ ಮೇಲಿನ ವೇರಿಯಂಟ್‌ಗೆ ಕಂಪನಿ ಏನು ಕೊಟ್ಟಿದೆ ನೋಡಿ. ಆ ಚಕ್ರಕ್ಕೆ ಪಿಸಿಡಿ, ನಡುತೂತು, ಇಟಿ, ಲೋಡು, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಜಾಗ, ಎಲ್ಲಾ ಹೋಲಿಕೆನೂ ಕಂಪನಿಯವ್ರು ದುಡ್ಡು ಸುರಿದು ಮಾಡಿಟ್ಟಿದಾರೆ. ಅದನ್ನ ಬಿಟ್ಟು ನಾವು ಫೋನಲ್ಲಿ ಪರ್ಸೆಂಟ್ ನೋಡ್ತಾ ಕೂರ್ತೀವಿ. ಮಾಡಿಫಿಕೇಶನ್ ಹುಚ್ಚಿರೋ ಹುಡುಗ್ರಿಗೆ ಇದು ಸಪ್ಪೆ ಅನ್ಸತ್ತೆ, ಗೊತ್ತು. ಅವ್ರ ಹತ್ರ ಅಳೆಯೋಕೆ ಸಮಯನೂ ಇರತ್ತೆ, ಹುಮ್ಮಸ್ಸೂ ಇರತ್ತೆ, ಅಳೀಲಿ. ನಾನು ಹೇಳ್ತಿರೋದು ಗಾಡೀಲಿ ಅಪ್ಪ ಅಮ್ಮನ್ನ ಕೂರಿಸ್ಕೊಂಡು ಓಡಾಡೋರಿಗೆ.

ಕಾನೂನಿನ ಕಡೆಯಿಂದಲೂ ಇದೇ ನೆಮ್ಮದಿ. 2019ರ ಜನವರೀಲಿ ಕೇರಳದ ಒಂದು ಕೇಸಲ್ಲಿ ಸುಪ್ರೀಂ ಕೋರ್ಟು, ಕಂಪನಿಯ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಟ್ಕೊಂಡು ಹೇಳಿದೆ. ನಾಳೆ ಏನಾದ್ರೂ ಆಗಿ ಇನ್ಶೂರೆನ್ಸ್ ಸರ್ವೇಯರ್ ಬಂದು ಚಕ್ರ ನೋಡಿ ಪ್ರಶ್ನೆ ಕೇಳಿದ್ರೆ, ಅದೇ ಮಾಡೆಲಿನ ಕಂಪನಿ ಸೈಜು ಅಂತ ಹೇಳೋಕಾದ್ರೂ ಒಂದು ಮಾತಿರತ್ತೆ.

ಡಿಸ್ಕೇ ಬದಲಾಯಿಸದೆ ಬರೀ ಟೈರ್ ಒಂಚೂರು ಅಗಲ ಬೇಕು ಅನ್ನೋರಿಗೂ ದಾರಿ ಇದೆ, 165/80 ಆರ್14 ಇದ್ದ ಕಡೆ 185/70 ಆರ್14, ಒಟ್ಟು 614.6, 5 ಜೆ ಡಿಸ್ಕಿಗೆ ಆಗತ್ತೆ, ಗೋಡೆನೂ 130ರ ಹತ್ರನೇ ಉಳಿಯತ್ತೆ. ಚಂದ ಬದಲಾಗಲ್ಲ ಅನ್ನೋದೊಂದೇ ಕೊರತೆ. ಭಾವಮೈದನಿಗೆ ಬೇಕಾಗಿದ್ದೇ ಚಂದ, ಹಾಗಾಗಿ ಅವನು ಒಪ್ಪಲಿಲ್ಲ. ಕೊನೆಗೆ ಆಗಿದ್ದು ಏನಂದ್ರೆ, ಹೊಸ ಝಡ್‌ಎಕ್ಸ್‌ಐ ತಗೊಂಡು ವಾರದೊಳಗೆ ಅದಕ್ಕೆ ದೊಡ್ಡ ಅಲಾಯ್ ಹಾಕಿಸಿದ ಯಾರೋ ಒಬ್ರು ಕಂಪನಿಯ 15 ಇಂಚಿನ ಸೆಟ್ಟನ್ನ ಟೈರ್ ಸಮೇತ ಮಾರ್ತಿದ್ರು, ಅದನ್ನ ಹಿಡಿದ. ಇಂಥ ಸೆಟ್ಟುಗಳು ಹುಡುಕಿದ್ರೆ ಸಿಗ್ತಾನೇ ಇರತ್ತೆ, ಟೈರಿನ ಪಕ್ಕ ನಾಲ್ಕಂಕಿ ತಾರೀಖು ನೋಡ್ಕೊಳ್ಳಿ, 3523 ಅಂದ್ರೆ 2023ನೇ ಇಸವಿಯ 35ನೇ ವಾರ. ಡಿಸ್ಕಿನ ಹಿಂಬದಿ ಬಿರುಕು, ವೆಲ್ಡಿಂಗ್ ಗುರುತು ಇದೆಯಾ ಅಂತ ಟಾರ್ಚ್ ಹಾಕಿ ನೋಡಿ, ಮುಂದಿನ ಬಣ್ಣ ನೋಡಿ ಮರುಳಾಗ್ಬೇಡಿ.

ಹಾಕಿಸಿದ ದಿನ ಮಾಡ್ಬೇಕಾದ್ದು ಸ್ವಲ್ಪ ಇದೆ. ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಮಡ್‌ಗಾರ್ಡಿನ ಒಳಗಿನ ಲೈನರಿಗೆ (ಒಳಪದರಕ್ಕೆ), ಸಸ್ಪೆನ್ಷನ್ ಕಂಬಕ್ಕೆ ತಾಗ್ತಿದೆಯಾ ನೋಡಿ, ಐದು ಜನ ತುಂಬ್ಕೊಂಡು ಒಂದು ದೊಡ್ಡ ಹಂಪ್ ಮೇಲೆ ಮುಂದಕ್ಕೂ ಹಿಂದಕ್ಕೂ ಹೋಗಿ ಬನ್ನಿ, ಆಮೇಲೆ ಕೈ ಹಾಕಿ ಲೈನರ್ ಎಲ್ಲಾದ್ರೂ ಉಜ್ಜಿ ಮಿಂಚ್ತಿದೆಯಾ ಅಂತ ಪರೀಕ್ಷೆ ಮಾಡಿ. ಗಾಳಿ ಹೊಡ್ಸೋದು ಹೊಸ ಸೈಜಿಗೆ ಪುಸ್ತಕದಲ್ಲಿ ಕೊಟ್ಟಿರೋ ಲೆಕ್ಕದಲ್ಲಿ, ಹಳೇ ಅಭ್ಯಾಸದಲ್ಲಲ್ಲ. ನಟ್ಟನ್ನ ಏರ್ ಗನ್ನಲ್ಲಿ ಡರ್ ಅನ್ನಿಸಿ ಬಿಟ್ಟು ಕಳಿಸೋಕೆ ಬಿಡ್ಬೇಡಿ, ಕೊನೆಯ ಸುತ್ತು ಟಾರ್ಕ್ ರೆಂಚಲ್ಲಿ (ಎಷ್ಟು ಬಿಗಿ ಅಂತ ಅಳೆಯೋ ಸ್ಪಾನರ್), ಅದೂ ಎದುರುಬದುರು ನಟ್ಟು. ನೂರು ಕಿ.ಮೀ. ಒಳಗೆ ಇನ್ನೊಂದ್ಸಲ ಟೈಟ್ ನೋಡಿಸ್ಬೇಕು, ಅಲಾಯ್ ಹೊಸದಾಗಿ ಕೂತಾಗ ನಟ್ಟು ಒಂಚೂರು ಸಡಿಲ ಬಿಡೋದುಂಟು. ನಮ್ಮವನು ಇದನ್ನ ನಾಳೆ ನಾಡಿದ್ದು ಅಂತ ಮುಂದಕ್ಕೆ ಹಾಕ್ತಾನೇ ಇದ್ದ, ನಾನು ಫೋನ್ ಮಾಡಿದಾಗ್ಲೆಲ್ಲಾ "ಆಯ್ತು ಭಾವ" ಅಂತಿದ್ದ, ಕೊನೆಗೆ ಅತ್ತೆಗೆ ಹೇಳಿದೆ, ಸಾಯಂಕಾಲದೊಳಗೆ ಮಾಡ್ಸಿ ಫೋಟೋ ಕಳ್ಸಿದ.